ಹದ ಬಂದರೆ ಬಿತ್ತುವವರು ಅರ್ಜಿಯನ್ನೇಕೆ ತಳ್ಳುತ್ತಾರೆ? ಮುಂದೂಡಿದ ಕೆಲಸ ಕೈಗೆತ್ತಿಕೊಳ್ಳುವ ಬಗೆ

ಗದಗ ಸೀಮೆಯ ಎರಿಹೊಲದ ರೈತನನ್ನು ಯಾರೂ ಮೈಗಳ್ಳ ಎನ್ನುವುದಿಲ್ಲ. ಉತ್ತರಿ ಮಳೆ ಬಿದ್ದು ನೆಲ ಹದಕ್ಕೆ ಬಂತೆಂದರೆ ನಸುಕಿನಲ್ಲೇ ಎದ್ದು ಕೂರಿಗೆ ಹೂಡುತ್ತಾನೆ. ಬಿಳಿಜೋಳ, ಕಡಲೆ ಬಿತ್ತಿ ಮುಗಿಯುವ ತನಕ ಅವನಿಗೆ ಮದುವೆಯೂ ಕಾಣುವುದಿಲ್ಲ, ಜಾತ್ರೆಯೂ ಕಾಣುವುದಿಲ್ಲ. ಅದೇ ಮನುಷ್ಯ, ತೀರಿಹೋದ ಅಪ್ಪನ ಹೆಸರಿನಲ್ಲೇ ಉಳಿದ ಪಹಣಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುವ ಪೌತಿ ಖಾತೆ ಅರ್ಜಿಯನ್ನು ವರ್ಷಗಟ್ಟಲೆ ‘ಮುಂದಿನ ವಾರ ನೋಡೂಣ ತಗೋರಿ’ ಎಂದು ತಳ್ಳುತ್ತ ಬಂದಿರುತ್ತಾನೆ.

ಕೊರತೆ ಮೈಯಲ್ಲಿಲ್ಲ, ಕೆಲಸ ಜೋಡಿಸಿಕೊಂಡ ರೀತಿಯಲ್ಲಿದೆ. ಬಿತ್ತಿಗೆಯ ಗಳಿಗೆಯನ್ನು ಮಳೆಯೇ ತಂದುಕೊಡುತ್ತದೆ, ಅವನು ಮನಸ್ಸು ಮಾಡುವವರೆಗೆ ಅದು ಕಾಯುವುದಿಲ್ಲ. ಹರಗಿದ ಹೊಲ, ಹಸನು ಮಾಡಿದ ಬೀಜ, ರಿಪೇರಿಯಾದ ಕೂರಿಗೆ ಎಲ್ಲ ಮೊದಲೇ ಸಿದ್ಧ. ಮೊದಲ ಸಾಲು ಯಾವ ಬದುವಿನಿಂದ ಎಂಬುದೂ ಗೊತ್ತು. ಒಬ್ಬರ ಹೊಲಕ್ಕೊಬ್ಬರು ದುಡಿಯುವ ಮುಯ್ಯಾಳುಗಳು ಬಂದು ನಿಂತಿರುತ್ತಾರೆ. ವಾರದೊಳಗೆ ಮೊಳಕೆ ಕಣ್ಣಿಗೆ ಕಾಣುತ್ತದೆ. ಅರ್ಜಿಗೆ ಇದರಲ್ಲಿ ಒಂದೂ ಇಲ್ಲ. ಹದವಿಲ್ಲದ ಕೆಲಸಕ್ಕೆ ಹದ ಕಟ್ಟಿಕೊಡುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ. ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೂ, ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಅಂಗಡಿ ಇಟ್ಟವರಿಗೂ, ಉಣಕಲ್ ಕೆರೆಯ ಸುತ್ತ ವಾಕಿಂಗ್ ಶುರುಮಾಡಬೇಕೆಂದು ಯುಗಾದಿಯಿಂದ ಹೇಳುತ್ತಿರುವವರಿಗೂ ಇದು ಒಂದೇ.

ಬೀಸೋ ದೊಣ್ಣೆಯ ಲೆಕ್ಕ

‘ಬೀಸೋ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು’ ಎಂಬ ಗಾದೆ ಇದೆಯಲ್ಲ, ಮುಂದೂಡುವಿಕೆಯ ಒಳಗುಟ್ಟೇ ಅದು. ಕೆಲಸ ನೆನಪಾದ ಕೂಡಲೇ ಬೇಸರ, ಅಂಜಿಕೆ, ಗೊಂದಲ ಹೀಗೆ ಏನೋ ಒಂದು ಕಹಿ ಏಳುತ್ತದೆ. ‘ನಾಳೆ’ ಎಂದುಬಿಟ್ಟರೆ ಆ ಕಹಿ ಆ ಕ್ಷಣಕ್ಕೆ ಇಳಿಯುತ್ತದೆ. ಇಳಿದದ್ದೇ ಬಹುಮಾನವಾಗಿ, ಮುಂದಿನ ಸಲ ಮನಸ್ಸು ಇನ್ನೂ ಬೇಗ ‘ನಾಳೆ’ ಎನ್ನುತ್ತದೆ. ಫ್ಯೂಷಿಯಾ ಸಿರೊಯಿಸ್ ಮತ್ತು ಟಿಮೋಥಿ ಪಿಚಿಲ್ ಎಂಬ ಮನಶ್ಶಾಸ್ತ್ರಜ್ಞರು 2013ರ ತಮ್ಮ ಲೇಖನದಲ್ಲಿ ಇದನ್ನೇ ಹೇಳಿದರು: ಮುಂದೂಡುವುದು ಸಮಯ ನಿರ್ವಹಣೆಯ ಸೋಲಿಗಿಂತ ಹೆಚ್ಚಾಗಿ ಆ ಕ್ಷಣದ ಮನಸ್ಥಿತಿಯನ್ನು ರಿಪೇರಿ ಮಾಡಿಕೊಳ್ಳುವ ಉಪಾಯ.

ಆದ್ದರಿಂದಲೇ ಹೊಸ ಡೈರಿ, ಬಣ್ಣದ ಟೈಮ್‌ಟೇಬಲ್, ಐದು ಆ್ಯಪ್ ತಂದುಕೊಂಡರೂ ರೋಗ ಹೋಗುವುದಿಲ್ಲ. ಟೈಮ್‌ಟೇಬಲ್ ಬರೆಯುವುದು ಸ್ವತಃ ಒಂದು ಒಳ್ಳೆಯ ಮುಂದೂಡುವಿಕೆ. ಮಾಡಿದಂತೆಯೂ ಆಯಿತು, ಮಾಡಬೇಕಾದ್ದು ಉಳಿದಂತೆಯೂ ಆಯಿತು.

ಮೊದಲು ಒಂದು ಹಾಳೆ

ಒಂದು ಖಾಲಿ ಹಾಳೆ, ಒಂದು ಪೆನ್ನು, ಇಪ್ಪತ್ತು ನಿಮಿಷ. ಮೊಬೈಲು ಬೇರೆ ಕೋಣೆಯಲ್ಲಿರಲಿ. ತಲೆಯಲ್ಲಿ ಕೊರೆಯುತ್ತಿರುವ ಎಲ್ಲ ಬಾಕಿ ಕೆಲಸವನ್ನೂ ಬರೆಯಿರಿ. ಹಲ್ಲಿನ ಡಾಕ್ಟರರಿಂದ ಹಿಡಿದು ಭಾವನಿಗೆ ಕೊಡಬೇಕಾದ ಉತ್ತರದವರೆಗೆ, ಸಣ್ಣದು ದೊಡ್ಡದು ಎಂದು ನೋಡಬೇಡಿ.

ಬರೆದಾದ ಮೇಲೆ ಹೊಡೆದು ಹಾಕುವ ಕೆಲಸ. ಎರಡು ವರ್ಷದಿಂದ ಪಟ್ಟಿಯಲ್ಲಿದ್ದು, ಮಾಡದಿದ್ದರೂ ಯಾರಿಗೂ ಏನೂ ಆಗದ ಸಂಗತಿಗಳ ಮೇಲೆ ಗೆರೆ ಎಳೆಯಿರಿ. ಗಿಟಾರ್ ಕಲಿಯುವುದು, ಹಳೆಯ ಫೋಟೊಗಳನ್ನೆಲ್ಲ ಆಲ್ಬಮ್ ಮಾಡುವುದು, ಯಾರೋ ಹೇಳಿದರೆಂದು ಹಿಡಿದ ಶೇರು ಮಾರ್ಕೆಟ್ ಕೋರ್ಸು ಈ ಬಗೆಯವು. ಇವನ್ನು ‘ಬಿಟ್ಟೆ’ ಎಂದು ಬರೆದು ಬಿಡುವುದು ಸೋಲಲ್ಲ, ಸಾಲ ತೀರಿಸಿದ ಹಾಗೆ. ಇನ್ನು ಕೆಲವನ್ನು ಬೇರೆಯವರು ನಿಮಗಿಂತ ಬೇಗ ಮಾಡುತ್ತಾರೆ, ಅವನ್ನು ಅವರಿಗೆ ಒಪ್ಪಿಸಿ.

ಉಳಿದದ್ದರಲ್ಲಿ ಎರಡೇ ಎರಡು ಆರಿಸಿ: ಕೊನೆಯ ದಿನಾಂಕ ಇರುವುದೊಂದು, ಇಲ್ಲದ್ದೊಂದು. ದಿನಾಂಕವಿದ್ದದ್ದನ್ನು ಕೊನೆಯ ರಾತ್ರಿಯಾದರೂ ಮಾಡುತ್ತೀರಿ. ದಿನಾಂಕ ಇಲ್ಲದ್ದೇ, ಅಂದರೆ ಆರೋಗ್ಯ, ಖಾತೆ ಬದಲಾವಣೆ, ವಿಲ್ ಬರೆಯುವುದು, ಮುರಿದ ಮಾತು ಕೂಡಿಸುವುದು, ಜನ್ಮಪೂರ್ತಿ ಹಾಗೇ ಉಳಿಯುವಂಥವು. ಒಮ್ಮೆಗೇ ಐದು ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲಿ ಹಳೆಯ ಶಬ್ದವೇ ಇದೆ, ಆರಂಭಶೂರತ್ವ.

ಉಳಿದ ಕೆಲಸಗಳ ಮುಂದೆ ‘ಯಾವಾಗ, ಎಲ್ಲಿ’ ಎಂದು ಒಂದು ಸಾಲು ಬರೆದಿಟ್ಟರೂ ಕೊರೆತ ಕಡಿಮೆಯಾಗುತ್ತದೆ. ಮಾಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಮನಶ್ಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಂಡದ್ದಿದು: ಮುಗಿಯದ ಗುರಿ ಬೇರೆ ಕೆಲಸದ ನಡುವೆ ತಲೆಯೊಳಗೆ ಬಂದು ಕಾಡುತ್ತದೆ, ಆದರೆ ಅದಕ್ಕೆ ಖಚಿತ ಯೋಜನೆ ಮಾಡಿದರೆ ಸಾಕು, ಮುಗಿಸುವ ಮೊದಲೇ ಕಾಟ ತಗ್ಗುತ್ತದೆ.

ಗಂಟು ಎಲ್ಲಿದೆ?

ಇದು ಹೆಚ್ಚಿನವರು ಹಾರಿಸುವ ಹಂತ, ಹಾರಿಸಿದ್ದಕ್ಕೇ ಮುಂದಿನದೆಲ್ಲ ಕೈಕೊಡುತ್ತದೆ. ಆರಿಸಿದ ಕೆಲಸವನ್ನು ನೆನೆದು ಒಂದು ನಿಮಿಷ ಸುಮ್ಮನೆ ಕೂಡಿ. ಏನು ಏಳುತ್ತದೆ ಎಂದು ನೋಡಿ. ಗಂಟು ಬೇರೆ ಬೇರೆ, ಬಿಡಿಸುವ ಕ್ರಮವೂ ಬೇರೆ.

‘ಎಲ್ಲಿಂದ ಶುರು ಮಾಡಬೇಕೋ ತಿಳೀವಲ್ದು’ ಅನ್ನಿಸಿದರೆ ಕೆಲಸ ಅಸ್ಪಷ್ಟವಾಗಿದೆ. ಇದಕ್ಕೆ ಧೈರ್ಯ ಬೇಕಿಲ್ಲ, ಮಾಹಿತಿ ಬೇಕು. ಪೌತಿ ಖಾತೆಯನ್ನೇ ತೆಗೆದುಕೊಳ್ಳಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ವಾರಸುದಾರರ ಆಧಾರ್ ಎಂದು ಒಡೆದು ಬರೆದ ಕೂಡಲೇ ಅದು ಬೆಟ್ಟವಲ್ಲ, ನಾಲ್ಕು ಕಾಗದ. ಅದರಲ್ಲಿ ಮೂರು ಮನೆಯ ಟ್ರಂಕಿನಲ್ಲೋ ಮೊಬೈಲಿನಲ್ಲೋ ಇರುತ್ತವೆ, ವಂಶವೃಕ್ಷಕ್ಕೆ ಮಾತ್ರ ನಾಡಕಚೇರಿ.

ಹೊಟ್ಟೆಯಲ್ಲಿ ಅಂಜಿಕೆ ಎದ್ದರೆ ಗಂಟು ಬೇರೆ. ಅಣಕು ಪರೀಕ್ಷೆ ಬರೆದರೆ ಅಂಕ ಕಡಿಮೆ ಬಂದೀತು, ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸಿದರೆ ಇದೆ ಎಂದಾರು. ಇಲ್ಲಿ ಕೆಲಸ ಒಡೆದು ಪ್ರಯೋಜನ ಕಡಿಮೆ. ಅಂಜಿಕೆಯನ್ನು ವಾಕ್ಯ ಮಾಡಿ ಬರೆಯಬೇಕು: ‘200ಕ್ಕೆ 90 ಬಂದರೆ ಏನು ಮಾಡುತ್ತೇನೆ?’ ಉತ್ತರವನ್ನೂ ಕೆಳಗೇ ಬರೆಯಿರಿ: ‘ಹೆಚ್ಚು ತಪ್ಪಾದ ಎರಡು ವಿಷಯ ಹಿಡಿದು ಹತ್ತು ದಿನ ಓದುತ್ತೇನೆ.’ ಕೆಟ್ಟ ಫಲಿತಾಂಶದ ನಂತರದ ಹೆಜ್ಜೆ ಗೊತ್ತಿದ್ದರೆ ಫಲಿತಾಂಶದ ಅಂಜಿಕೆ ಅರ್ಧಕ್ಕಿಳಿಯುತ್ತದೆ. ‘ಚಲೋ ಆಗೇ ಬರಬೇಕು’ ಎಂಬ ಪಟ್ಟು ಕೂಡ ಇದೇ ಗಂಟಿನ ತಮ್ಮ. ಪ್ರಬಂಧವಾಗಲಿ ಪ್ರಾಜೆಕ್ಟ್ ವರದಿಯಾಗಲಿ, ಮೊದಲ ಪ್ರತಿಯ ತಲೆಯ ಮೇಲೆ ‘ಕಚ್ಚಾ’ ಎಂದು ದೊಡ್ಡದಾಗಿ ಬರೆದು ಶುರು ಮಾಡುವುದು ಬಾಲಿಶ ಎನಿಸಬಹುದು. ಮಾಡಿ ನೋಡಿ, ಕೈ ಹಗುರಾಗುತ್ತದೆ.

ಬರೀ ಬೇಸರವಾದರೆ ಕೆಲಸದ ಜೊತೆಗೆ ರುಚಿ ಸೇರಿಸಿ. ಲೆಕ್ಕದ ಪುಸ್ತಕ ತುಂಬುವಾಗ ಮಾತ್ರ ಕೇಳುವ ಹಾಡಿನ ಪಟ್ಟಿ, ಮುಗಿದ ಮೇಲೆ ಮಾತ್ರ ಗಿರ್ಮಿಟ್ಟು. ಮೊದಲೇ ತಿಂದರೆ ಲೆಕ್ಕ ಹಾಗೇ ಉಳಿಯುತ್ತದೆ, ಕ್ರಮ ತಪ್ಪಿಸಬೇಡಿ.

ಇನ್ನೊಂದು ಗಂಟು, ಫಲ ದೂರವಿರುವುದು. ದೂರದ ಲಾಭ ಮನಸ್ಸಿಗೆ ಸಣ್ಣದಾಗಿ ಕಾಣುತ್ತದೆ, ಹತ್ತಿರದ ರೀಲ್ಸು ದೊಡ್ಡದಾಗಿ. ಇಲ್ಲಿ ದೂರದ್ದನ್ನು ಎಳೆದು ಹತ್ತಿರ ತರಬೇಕು. ತಿಂಗಳ ಜಿಎಸ್‌ಟಿಆರ್-3ಬಿ ಎಂಬ ಜಿಎಸ್‌ಟಿ ರಿಟರ್ನು 20ನೇ ತಾರೀಖು ದಾಟಿದರೆ ತೆರಿಗೆ ಬಾಕಿ ಇದ್ದವರಿಗೆ ದಿನಕ್ಕೆ 50 ರೂಪಾಯಿ ತಡ ಶುಲ್ಕ, ಮೇಲೆ ಬಾಕಿಯ ಮೇಲೆ ವರ್ಷಕ್ಕೆ ಶೇ 18 ಬಡ್ಡಿ. ‘ತಡವಾದರೆ ದಂಡ’ ಎಂದುಕೊಂಡರೆ ಯಾರೂ ಏಳುವುದಿಲ್ಲ. ‘ಇವತ್ತು ಮಲಗಿದ್ದಕ್ಕೆ 50 ರೂಪಾಯಿ’ ಎಂದು ಗಲ್ಲೆಯ ಮೇಲೆ ಚೀಟಿ ಅಂಟಿಸಿದರೆ ಏಳುತ್ತಾರೆ.

ಮೊದಲ ಸಾಲು

ಮೊದಲ ಹೆಜ್ಜೆಯನ್ನು ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡದ, ಕೈಕಾಲಿನಿಂದ ಮಾಡುವ ಕ್ರಿಯೆಯಾಗಿ ಬರೆಯಿರಿ. ಅದರಲ್ಲಿ ಒಂದು ವಸ್ತು, ಒಂದು ಜಾಗ, ಒಂದು ಕ್ರಿಯಾಪದ ಇರಬೇಕು. ‘ಖಾತೆ ಕೆಲಸ ನೋಡುವುದು’ ಎಂದರೆ ಹೆಜ್ಜೆಯಲ್ಲ. ‘ಅಪ್ಪನ ಮರಣ ಪ್ರಮಾಣಪತ್ರ ಟ್ರಂಕಿನಿಂದ ತೆಗೆದು ಬಾಗಿಲ ಹಿಂದಿನ ಚೀಲದಲ್ಲಿ ಇಡುವುದು’ ಹೆಜ್ಜೆ. ‘ಇತಿಹಾಸ ಓದುವುದು’ ಹೆಜ್ಜೆಯಲ್ಲ. ‘ಬಾದಾಮಿ ಚಾಲುಕ್ಯರ ಅಧ್ಯಾಯದ ಮೊದಲ ಎರಡು ಪುಟ ಓದಿ ಐದು ಪ್ರಶ್ನೆ ಬರೆಯುವುದು’ ಹೆಜ್ಜೆ.

ಪರೀಕ್ಷೆ ಮಾಡುವ ಸುಲಭ ದಾರಿ: ಬರೆದದ್ದನ್ನು ಮನೆಯ ಹತ್ತು ವರ್ಷದ ಹುಡುಗನ ಕೈಗೆ ಕೊಟ್ಟರೆ ‘ಅಂದ್ರ ಏನ್ ಮಾಡ್ಬೇಕು?’ ಎಂದು ಕೇಳದೆ ಅವನು ಮಾಡಲು ಹೊರಡಬೇಕು. ಕೇಳಿದರೆ ಇನ್ನೂ ಒಡೆಯಿರಿ.

ಇಲ್ಲಿ ಆಗುವ ತಪ್ಪು ಎರಡು. ಮೊದಲನೆಯದು, ಸಣ್ಣ ಹೆಜ್ಜೆ ಮಾಡಿದ ಮೇಲೆ ಹುರುಪಿನಲ್ಲಿ ನಾಲ್ಕು ತಾಸು ಕೂತು, ಮರುದಿನ ಆ ನಾಲ್ಕು ತಾಸಿನ ನೆನಪಿಗೇ ಹೆದರಿ ತಪ್ಪಿಸಿಕೊಳ್ಳುವುದು. ಮೊದಲ ವಾರ ಗಡಿ ಹಾಕಿಕೊಳ್ಳಿ, ಮನಸ್ಸಿದ್ದರೂ 40 ನಿಮಿಷಕ್ಕೆ ಏಳಿ. ಹಸಿವು ಉಳಿದಿರುವಾಗ ತಾಟಿನಿಂದ ಎದ್ದರೆ ಮರುದಿನ ಊಟ ತಾನಾಗಿ ಕರೆಯುತ್ತದೆ. ಎರಡನೆಯದು ಲೆಕ್ಕದ ತಪ್ಪು. ಬ್ಯೂಲರ್, ಗ್ರಿಫಿನ್, ರಾಸ್ ಎಂಬ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಪ್ರಬಂಧ ಸರಾಸರಿ 34 ದಿನದಲ್ಲಿ ಮುಗಿಯುತ್ತದೆ ಎಂದಿದ್ದ ವಿದ್ಯಾರ್ಥಿಗಳಿಗೆ ನಿಜಕ್ಕೂ ಹಿಡಿದದ್ದು 55 ದಿನ. ಎಲ್ಲವೂ ಕೆಟ್ಟರೆ ಎಷ್ಟು ದಿನ ಎಂದು ಕೇಳಿದಾಗ ಅವರು ಕೊಟ್ಟ ಅಂದಾಜೂ ಅದಕ್ಕಿಂತ ಕಡಿಮೆಯೇ ಇತ್ತು. ಆದ್ದರಿಂದ ನಿಮಗೆ ತೋಚಿದ ಸಮಯವನ್ನು ಒಂದೂವರೆಯಿಂದ ಗುಣಿಸಿ, ಕಚೇರಿ ಕೆಲಸವಾದರೆ ಎರಡರಿಂದ.

ಹದ ಕಟ್ಟುವುದು

‘ಟೈಮ್ ಸಿಕ್ಕಾಗ’ ಎಂಬುದು ಕ್ಯಾಲೆಂಡರಿನಲ್ಲಿ ಇಲ್ಲದ ದಿನ. ಕೆಲಸಕ್ಕೆ ಮಳೆಯಂಥ ಹೊರಗಿನ ಗುರುತು ಬೇಕು. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1990ರ ದಶಕದಲ್ಲಿ ಬೆಳೆಸಿದ ‘ಹೀಗಾದರೆ, ಹಾಗೆ’ ಎಂಬ ವಿಧಾನ ಇದಕ್ಕೆ ಚೆನ್ನಾಗಿ ಒದಗುತ್ತದೆ. ‘ಇಂಥದ್ದು ಆದ ಕೂಡಲೇ ನಾನು ಇಂಥದ್ದನ್ನು ಇಂಥಲ್ಲಿ ಮಾಡುತ್ತೇನೆ’ ಎಂದು ಮೊದಲೇ ಕಟ್ಟಿಡುವುದು. ಗುರುತು ಬಂದ ಕ್ಷಣದಲ್ಲಿ ಮತ್ತೆ ಮನಸ್ಸು ಮಾಡುವ ಕೆಲಸ ಇರುವುದಿಲ್ಲ, ಹಾಗಾಗಿ ಚೌಕಾಸಿಗೂ ಜಾಗವಿಲ್ಲ.

ನಮ್ಮ ಕಡೆಯ ಗುರುತುಗಳು ಬೇಕಾದಷ್ಟಿವೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನಾ ಓಡಾಡುವವರಿಗೆ: ‘ಚಿಗರಿ ಬಸ್ಸಿನಲ್ಲಿ ಸೀಟು ಸಿಕ್ಕ ಕೂಡಲೇ ಚೀಲದಿಂದ ಪ್ರಚಲಿತ ವಿದ್ಯಮಾನದ ನೋಟು ತೆಗೆಯುತ್ತೇನೆ, ನಿಂತಿದ್ದರೆ ನಿನ್ನೆಯ ಐದು ಪ್ರಶ್ನೆ ನೆನೆಯುತ್ತೇನೆ.’ ಅಂಗಡಿಯವರಿಗೆ: ‘ಶಟರ್ ಅರ್ಧ ಇಳಿಸಿದ ಕೂಡಲೇ ಗಲ್ಲೆಯ ಮುಂದೆ ನಿಂತೇ ಇವತ್ತಿನ ಬಿಲ್ಲುಗಳನ್ನು ಫೈಲಿಗೆ ಹಾಕುತ್ತೇನೆ.’ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಮಾಲು ತರುವವರಿಗೆ: ‘ಮಾರಾಟವಾಗಿ ಲೆಕ್ಕದ ಪಟ್ಟಿ ಕೈಗೆ ಬಂದ ಕೂಡಲೇ, ಚಹಾಕ್ಕೆ ಮೊದಲು, ಬ್ಯಾಂಕಿನ ಸಾಲದ ಕಂತು ಕಟ್ಟುತ್ತೇನೆ.’

ಇದು ಕೆಡುವುದು ಹೀಗೆ. ಗುರುತು ಮನಸ್ಸಿನೊಳಗಿನದಾದರೆ, ಅಂದರೆ ‘ಫ್ರೆಶ್ ಅನಿಸಿದಾಗ’, ‘ಫ್ರೀ ಆದಾಗ’ ಎಂದರೆ, ಅದು ಬರುವುದೇ ಇಲ್ಲ. ಒಂದೇ ಗುರುತಿಗೆ ಮೂರು ಕೆಲಸ ನೇತುಹಾಕಿದರೆ ಮೂರೂ ಜಾರುತ್ತವೆ. ಗುರುತಿಗೂ ಕೆಲಸಕ್ಕೂ ನಡುವೆ ಮೊಬೈಲು ಬಂದರೆ ಸರಪಳಿ ತುಂಡಾಗುತ್ತದೆ. ‘ಊಟವಾದ ಮೇಲೆ ಓದುತ್ತೇನೆ’ ಎಂಬ ಯೋಜನೆಗಳು ಹೆಚ್ಚಾಗಿ ಸಾಯುವುದು ಕೈ ತೊಳೆದ ಮೇಲಿನ ಆ ಐದು ನಿಮಿಷದಲ್ಲಿ. ಮತ್ತೆ, ಅಡ್ಡಿಗೂ ಒಂದು ವಾಕ್ಯ ಕಟ್ಟಿಡದಿದ್ದರೆ ಮೊದಲ ಅಡ್ಡಿಗೇ ಯೋಜನೆ ಮುಗಿದಂತೆ. ಧಾರವಾಡದ ಆಷಾಢದ ಜಿಟಿಜಿಟಿ ಮಳೆಯಲ್ಲಿ ಸತ್ತುಹೋದ ವಾಕಿಂಗ್‌ಗಳಿಗೆ ಲೆಕ್ಕವಿಲ್ಲ. ‘ಮಳೆ ಇದ್ದರೆ ಮನೆಯ ಮೆಟ್ಟಿಲು ಹತ್ತು ಸಲ ಹತ್ತಿಳಿಯುತ್ತೇನೆ’ ಎಂಬ ಇನ್ನೊಂದು ವಾಕ್ಯ ಇದ್ದರೆ ರೂಢಿ ಶ್ರಾವಣ ದಾಟುತ್ತದೆ.

ಬಾರಕೋಲಿಗಿಂತ ಕೀಲೆಣ್ಣೆ

ಗಾಡಿ ಮುಂದೆ ಹೋಗದಿದ್ದರೆ ಎತ್ತಿಗೆ ಬಾರಕೋಲು ಬೀಸುವುದು ಒಂದು ದಾರಿ. ಗಾಲಿಗೆ ಅಡ್ಡ ಬಂದ ಕಲ್ಲು ತೆಗೆದು ಕೀಲೆಣ್ಣೆ ಬಿಡುವುದು ಇನ್ನೊಂದು. ಬದಲಾವಣೆಯ ಬಗ್ಗೆ ಕರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞ 1940ರ ದಶಕದಲ್ಲಿ ಹೇಳಿದ್ದರ ಸಾರವೂ ಇದೇ: ತಳ್ಳುವ ಬಲ ಹೆಚ್ಚಿಸಿದರೆ ಒತ್ತಡ ಏರುತ್ತದೆ, ತಡೆಯುವ ಬಲ ತಗ್ಗಿಸಿದರೆ ಒತ್ತಡವಿಲ್ಲದೆ ಚಲನೆ ಬರುತ್ತದೆ.

ರಾತ್ರಿ ಮಲಗುವ ಮೊದಲು ಐದು ನಿಮಿಷ ಕೊಡಿ. ಪುಸ್ತಕ ಬೇಕಾದ ಪುಟಕ್ಕೆ ತೆರೆದು ಮೇಜಿನ ಮೇಲೆ, ಮೇಲೊಂದು ಪೆನ್ನು. ಬೂಟು, ಕಾಲುಚೀಲ ಹೊಸ್ತಿಲ ಒಳಗೆ. ಅರ್ಜಿಯ ಚೀಲ ಬೈಕಿನ ಕೀಲಿಯ ಪಕ್ಕದಲ್ಲಿ. ಬೆಳಿಗ್ಗೆ ಹುಡುಕುವ ಎರಡು ನಿಮಿಷವೇ ‘ಬ್ಯಾಡ ಬಿಡು’ ಎನ್ನಲು ಮನಸ್ಸಿಗೆ ಸಾಕು. ಮೊಬೈಲಿಗೆ ಇದರ ತಿರುವು: ಚಾರ್ಜರನ್ನು ಅಡುಗೆಮನೆಗೆ ವರ್ಗಾಯಿಸಿ. ಸೈಲೆಂಟ್ ಮಾಡಿ ಮೇಜಿನ ಮೇಲೇ ಇಟ್ಟುಕೊಂಡರೆ ಅರ್ಧ ಮನಸ್ಸು ಅಲ್ಲೇ ಇರುತ್ತದೆ. ಅಲಾರ್ಮ್ ನೆಪವಾದರೆ ಪೇಟೆಯಲ್ಲಿ ಗಡಿಯಾರ ಸಿಗುತ್ತವೆ.

25 ನಿಮಿಷ ಕೆಲಸ, 5 ನಿಮಿಷ ಬಿಡುವು ಎಂಬ ಪೊಮೊಡೊರೊ ಕ್ರಮ ಬೇಸರದ ಕೆಲಸಕ್ಕೆ, ಲೆಕ್ಕ ತುಂಬುವುದಕ್ಕೆ, ಫೈಲು ಜೋಡಿಸುವುದಕ್ಕೆ ಚೆನ್ನ. ಗಣಿತದ ಕಠಿಣ ಸಮಸ್ಯೆಗೆ, ಬರವಣಿಗೆಗೆ 25 ನಿಮಿಷ ಕಡಿಮೆ. ತಲೆ ಕಾಯುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಅಲ್ಲಿ 50ಕ್ಕೆ 10 ಇಟ್ಟುಕೊಳ್ಳಿ. ಬಿಡುವಿನಲ್ಲಿ ರೀಲ್ಸ್ ತೆರೆದರೆ ಅದು ಬಿಡುವಲ್ಲ, ಬಾವಿ. ಎದ್ದು ನೀರು ಕುಡಿಯಿರಿ, ಅಂಗಳಕ್ಕೆ ಹೋಗಿ ಬನ್ನಿ.

ಮುಯ್ಯಿ

ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ದುಡ್ಡಿಲ್ಲದ ಈ ಒಪ್ಪಂದ ಅರ್ಜಿಗೂ ಓದಿಗೂ ಆಗುತ್ತದೆ. ಒಬ್ಬರೇ ಒಬ್ಬ ಜೊತೆಗಾರರನ್ನು ಹಿಡಿಯಿರಿ. ಬೆಳಿಗ್ಗೆ ಒಂದು ಸಂದೇಶ: ಇವತ್ತಿನ ಒಂದು ಹೆಜ್ಜೆ ಏನು, ಎಷ್ಟಕ್ಕೆ. ರಾತ್ರಿ ಒಂದು: ಆಯಿತು ಅಥವಾ ಆಗಲಿಲ್ಲ. ಕಾರಣ ಕೇಳುವಂತಿಲ್ಲ, ಉಪದೇಶ ಮಾಡುವಂತಿಲ್ಲ. ಸಾಧ್ಯವಾದರೆ ವಾರಕ್ಕೆರಡು ದಿನ ಒಂದೇ ಕೋಣೆಯಲ್ಲಿ ತಮ್ಮ ತಮ್ಮ ಕೆಲಸ ಮಾಡುತ್ತ ಸುಮ್ಮನೆ ಕೂಡುವುದು. ಸಪ್ತಾಪುರದ ರೀಡಿಂಗ್ ರೂಮುಗಳಲ್ಲಿ ಮನೆಯಲ್ಲಿ ಆಗದ ಓದು ಆಗುವುದು ಇದೇ ಕಾರಣಕ್ಕೆ. ತೀರಾ ಆಪ್ತ ಗೆಳೆಯ ಈ ಕೆಲಸಕ್ಕೆ ಬೇಡ, ಇಬ್ಬರೂ ಸೇರಿ ಚಹಾಕ್ಕೆ ಎದ್ದುಬಿಡುತ್ತೀರಿ. ಇಪ್ಪತ್ತು ಜನರ ವಾಟ್ಸ್ಆ್ಯಪ್ ಗುಂಪೂ ಬೇಡ. ಅಲ್ಲಿ ಮೂರನೇ ದಿನಕ್ಕೆ ಶುಭೋದಯದ ಹೂವು ಮಾತ್ರ ಉಳಿಯುತ್ತದೆ.

ತಪ್ಪಿದ ದಿನ

ತಪ್ಪುತ್ತದೆ. ಆ ರಾತ್ರಿ ತನ್ನನ್ನೇ ಬೈದುಕೊಳ್ಳುವುದರಿಂದ ಮುಂದಿನ ಸಲ ಬುದ್ಧಿ ಬರುತ್ತದೆ ಎಂಬುದು ನಮ್ಮ ಹಳೆಯ ನಂಬಿಕೆ. 2010ರಲ್ಲಿ ಪ್ರಕಟವಾದ ವೋಲ್, ಪಿಚಿಲ್, ಬೆನೆಟ್ ಅವರ ಅಧ್ಯಯನ ಬೇರೆಯದನ್ನೇ ತೋರಿಸಿತು: ಮೊದಲ ಪರೀಕ್ಷೆಗೆ ಓದು ಮುಂದೂಡಿದ್ದಕ್ಕೆ ತಮ್ಮನ್ನು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಬೈಗುಳ ಕೆಲಸದ ಕಹಿಯನ್ನು ಹೆಚ್ಚಿಸುತ್ತದೆ, ಕಹಿ ಹೆಚ್ಚಿದಷ್ಟು ದೊಣ್ಣೆ ತಪ್ಪಿಸಿಕೊಳ್ಳುವ ಆಸೆ ಹೆಚ್ಚುತ್ತದೆ.

ತಪ್ಪಿದ್ದನ್ನು ಮರುದಿನ ದುಪ್ಪಟ್ಟು ಮಾಡಿ ಸರಿದೂಗಿಸಲು ಹೋಗಬೇಡಿ. ಹಳೆಯ ಅಳತೆಯನ್ನೇ ಮಾಡಿ. ಎರಡು ದಿನ ಸಾಲಾಗಿ ತಪ್ಪಿದರೆ ಅಳತೆಯನ್ನು ಅರ್ಧಕ್ಕಿಳಿಸಿ. ಮೂರು ಸಲ ತಪ್ಪಿದರೆ ಗಂಟು ತಪ್ಪಾಗಿ ಗುರುತಿಸಿದ್ದೀರಿ. ಹಿಂದಕ್ಕೆ ಹೋಗಿ ಮತ್ತೆ ಆ ಒಂದು ನಿಮಿಷ ಕೂಡಿ.

ರೂಢಿಗೆ 21 ದಿನ ಸಾಕು ಎಂಬ ಮಾತಿಗೆ ಆಧಾರವಿಲ್ಲ. ಲಂಡನ್ನಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಸ್ವಯಂಸೇವಕರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ನಡವಳಿಕೆ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ನಡುಮಟ್ಟದ (ಮೀಡಿಯನ್) ಲೆಕ್ಕದಲ್ಲಿ 66 ದಿನ ಹಿಡಿಯಿತು. ವ್ಯಕ್ತಿಯಿಂದ ವ್ಯಕ್ತಿಗೆ, ಕೆಲಸದಿಂದ ಕೆಲಸಕ್ಕೆ ಅದು 18ರಿಂದ 254 ದಿನದವರೆಗೆ ಹರಡಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವ ನಷ್ಟ ಆಗಲಿಲ್ಲ. 22ನೇ ದಿನ ‘ಇನ್ನೂ ರೂಢಿ ಆಗಿಲ್ಲ, ನನ್ನಿಂದಾಗದು’ ಎಂದು ಬಿಡುವವರು ಇದನ್ನು ಗೋಡೆಗೆ ಬರೆದಿಟ್ಟುಕೊಳ್ಳಬೇಕು.

ಒಂದು ಎಚ್ಚರ. ಇಷ್ಟಪಡುವ ಕೆಲಸವೂ ಬೇಡವೆನಿಸಿ, ನಿದ್ದೆ, ಊಟ ಕೆಟ್ಟು, ಎರಡು ವಾರಕ್ಕೂ ಹೆಚ್ಚು ಮನಸ್ಸು ಕುಸಿದಿದ್ದರೆ ಅದು ಮುಂದೂಡುವಿಕೆಯಲ್ಲ, ಖಿನ್ನತೆ ಇರಬಹುದು. ಚಿಕ್ಕಂದಿನಿಂದಲೂ ಯಾವುದರಲ್ಲೂ ಗಮನ ನಿಲ್ಲದಿದ್ದರೆ ಅದನ್ನೂ ವೈದ್ಯರಿಗೆ ತೋರಿಸಬೇಕು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರದಲ್ಲೇ ಇದೆ, ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416 ಉಚಿತ.

ಮನೆಯವರು ಏನು ಮಾಡಬೇಕು

‘ಓದು, ಓದು’ ಎಂದು ದಿನಕ್ಕೆ ಹತ್ತು ಸಲ ಹೇಳಿದರೆ ಓದಿನ ಜೊತೆ ಕಿರಿಕಿರಿ ಅಂಟಿಕೊಳ್ಳುತ್ತದೆ. ಮುಂದೂಡಲು ಇನ್ನೊಂದು ಕಾರಣ ಸಿಕ್ಕಂತೆ. ‘ಯಾಕ ಮಾಡಿಲ್ಲ?’ ಎಂದು ಕೇಳಿದರೆ ನೆಪಗಳ ಪಟ್ಟಿ ಬರುತ್ತದೆ, ಕೆಲಸ ಬರುವುದಿಲ್ಲ. ದಿನಕ್ಕೆ ಒಂದೇ ಸಲ ‘ಇವತ್ತು ಯಾವಾಗ ಕೂಡ್ತಿ, ಎಲ್ಲಿ ಕೂಡ್ತಿ?’ ಎಂದು ಕೇಳಿ. ಉತ್ತರ ಬಂದ ಮೇಲೆ ಆ ಹೊತ್ತಿಗೆ ಟಿವಿ ಆರಿಸಿ, ಕಿರಾಣಿ ಅಂಗಡಿಗೆ ಅವರನ್ನು ಕಳಿಸಬೇಡಿ. ಬೇರೆ ಏನೂ ಹೇಳದೆ ನಿಮ್ಮ ಬಾಕಿ ಕೆಲಸ ಹಿಡಿದು ಅದೇ ಕೋಣೆಯಲ್ಲಿ ಕೂತುಬಿಡಿ, ಹಿಟ್ಟು ಜರಡಿ ಹಿಡಿಯುವುದಾದರೂ ಆದೀತು, ಮನೆಯ ಖರ್ಚಿನ ಲೆಕ್ಕವಾದರೂ ಆದೀತು.